ಪ್ರೆಸ್ಸಿನ ಮೆಷಿನ್ನಿಗೆ ರಿಯಾಯಿತಿ, ಅಮ್ಮನ ಉಸಿರಿಗೆ ತೆರಿಗೆ!



ಹೋದ ಚಳಿಗಾಲದಲ್ಲಿ ಒಂದು ರಾತ್ರಿ ಎರಡೂವರೆ ಗಂಟೆಗೆ ನನಗೆ ದಿಢೀರನೆ ಎಚ್ಚರವಾಯಿತು. ಸದ್ದಾಗಿ ಎಚ್ಚರವಾಗಲಿಲ್ಲ, ಸದ್ದು ನಿಂತು ಎಚ್ಚರವಾಯಿತು. ನಮ್ಮ ನಡುಮನೆಯಲ್ಲಿ ಹಗಲೂ ರಾತ್ರಿ ಒಂದು ಯಂತ್ರ ಗುರ್ ಅನ್ನುತ್ತಿರುತ್ತದೆ. ಆಕ್ಸಿಜನ್ ಕಾನ್ಸಂಟ್ರೇಟರ್. ಆ ಸದ್ದಿಗೆ ನಮ್ಮ ಕಿವಿ ಎಷ್ಟು ಹೊಂದಿಕೊಂಡಿದೆಯೆಂದರೆ, ಅದು ನಿಂತರೆ ನಿದ್ದೆ ಹಾರಿಹೋಗುತ್ತದೆ.

ಕರೆಂಟ್ ಹೋಯಿತೇನೋ ಎಂದು ಎದ್ದು ಬಂದೆ. ಬೀದಿದೀಪ ಉರಿಯುತ್ತಿತ್ತು. ಅಮ್ಮ ಮಂಚದ ಅಂಚಿನಲ್ಲಿ ಎರಡೂ ಕೈ ಮಂಡಿಯ ಮೇಲೆ ಊರಿಕೊಂಡು ಕೂತಿದ್ದಳು. ತುಟಿ ಕಪ್ಪಿಟ್ಟಿತ್ತು. ಮೂಗಿನ ನಳಿಕೆ ಮಡಿಲಲ್ಲಿ ಬಿದ್ದಿತ್ತು. ಗೋಡೆಯ ಸ್ವಿಚ್ಚನ್ನು ಆರಿಸಿದವಳು ಅವಳೇ.

"ಯಾಕಮ್ಮಾ ಆರಿಸ್ದೆ?" ಎಂದೆ.

ಒಂದು ಮಾತಿಗೆ ಎರಡು ಸಲ ಉಸಿರು ಎಳೆದುಕೊಂಡು ಹೇಳಿದಳು: "ಬಿಲ್ಲು... ಬತ್ತದೆ ಕಣಪ್ಪಾ... ನೀ ಎಷ್ಟೂಂತ... ಕಟ್ಟೀಯ?"

ಇದು ಯಾರೋ ಪ್ರೆಸ್ಸಿನವನ ಮನೆಯ ಗೋಳು ಎಂದು ದಯವಿಟ್ಟು ಪುಟ ತಿರುಗಿಸಬೇಡಿ. ಕರೆಂಟ್ ಬಿಲ್ಲಿಗೆ ಹೆದರಿ ಒಬ್ಬ ತಾಯಿ ತನ್ನ ಉಸಿರನ್ನು ತಾನೇ ಸ್ವಿಚ್ ಆಫ್ ಮಾಡುವ ಸ್ಥಿತಿ ಯಾಕೆ ಬಂತು? ಆ ಬಿಲ್ಲಿನಲ್ಲಿ ಸರ್ಕಾರದ ಪಾಲು ಎಷ್ಟು? ಅದನ್ನು ಬಿಟ್ಟುಕೊಡಲು ಯಾರ ಕೈಲಿ ಸಾಧ್ಯ? ಈ ಮೂರು ಪ್ರಶ್ನೆಗಳನ್ನು ನಿಮ್ಮ ಮುಂದೆ ಇಡಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ನಾನು ಪಿಯುಸಿ ಓದಿದವನು. ಕಾನೂನು ಪಂಡಿತನಲ್ಲ. ಆದರೆ ಬಿಲ್ ಪುಸ್ತಕ ಅಚ್ಚು ಹಾಕಿ ಹೊಟ್ಟೆ ಹೊರೆಯುವವನು. ಬಿಲ್ಲು ಓದಲು ಬರುತ್ತದೆ!

ಬೀಡಿ ಸೇದದವಳಿಗೆ ಈ ರೋಗ ಹೇಗೆ ಬಂತು?

ಅಮ್ಮ ಜನ್ಮದಲ್ಲಿ ಒಂದು ಬೀಡಿ ಮುಟ್ಟಿದವಳಲ್ಲ. ಮಾಗಡಿ ಕಡೆಯ ಹಳ್ಳಿಯಲ್ಲಿ ಹುಟ್ಟಿದವಳು. ಏಳೆಂಟು ವರ್ಷಕ್ಕೇ ಒಲೆಯ ಮುಂದೆ ಕೂತವಳು. ಸೌದೆ, ತೆಂಗಿನ ಗರಿ, ಹತ್ತಿಕಡ್ಡಿ, ಸಿಕ್ಕಿದ್ದನ್ನೆಲ್ಲಾ ಉರಿಸಿ ಊದುಗೊಳವೆಯಲ್ಲಿ ಊದಿದವಳು. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಮರದ ಹೊಟ್ಟಿನ ಒಲೆ. ಹೊಟ್ಟು ತುಂಬಿ, ನಡುವೆ ಕೊಳವೆಯಿಟ್ಟು ಬಿಗಿಯಾಗಿ ಕುಟ್ಟಿ ಹಚ್ಚುತ್ತಿದ್ದರಲ್ಲ, ಅದು. ನಿಮ್ಮ ಅಜ್ಜಿಯರನ್ನು ಕೇಳಿ ನೋಡಿ, ಹೇಳುತ್ತಾರೆ. ಆಮೇಲೆ ಸೀಮೆಎಣ್ಣೆ ಸ್ಟೌ. ಗ್ಯಾಸ್ ಬರುವ ಹೊತ್ತಿಗೆ ಮೂವತ್ತು ವರ್ಷದ ಹೊಗೆ ಎದೆಯೊಳಗೆ ಇಳಿದಾಗಿತ್ತು.

ಡಾಕ್ಟರುಗಳು ಇದಕ್ಕೆ ಸಿಒಪಿಡಿ ಅನ್ನುತ್ತಾರೆ. ಶ್ವಾಸನಾಳಗಳು ಕಿರಿದಾಗಿ, ಶ್ವಾಸಕೋಶದ ಗಾಳಿಚೀಲಗಳು ಹಾಳಾಗಿ, ಒಳಗೆ ಹೋದ ಗಾಳಿ ಹೊರಗೆ ಬರಲು ಒದ್ದಾಡುವ ಕಾಯಿಲೆ. ಒಮ್ಮೆ ಹಾಳಾದದ್ದು ಮತ್ತೆ ಸರಿಹೋಗುವುದಿಲ್ಲ. ಇನ್ನಷ್ಟು ಹಾಳಾಗದಂತೆ ಕಾಯಬಹುದು, ಅಷ್ಟೆ.

ಇದೇನು ಅಪರೂಪದ ಕಾಯಿಲೆಯೇ? ಜಾಗತಿಕ ರೋಗಭಾರ ಅಧ್ಯಯನದ ಲೆಕ್ಕದಂತೆ 2016ರಲ್ಲಿ ಭಾರತದಲ್ಲಿ ಸಿಒಪಿಡಿ ಇದ್ದವರು ಸುಮಾರು 5.5 ಕೋಟಿ ಜನ. ಅಸ್ತಮಾ ಇದ್ದವರು ಸುಮಾರು 3.8 ಕೋಟಿ. ಸಿಒಪಿಡಿಯ ಹೊರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿಗೆ ಕಾರಣ ಮನೆಯೊಳಗಿನ ಮತ್ತು ಹೊರಗಿನ ಕೆಟ್ಟ ಗಾಳಿ ಎಂದು ಅದೇ ಅಧ್ಯಯನ ಹೇಳಿತು. ತಂಬಾಕಿನ ಪಾಲು ಕಾಲು ಭಾಗ. ಅಂದರೆ "ಸೇದಿದ್ದಾನೆ, ಅನುಭವಿಸಲಿ" ಎಂದು ಕೈ ಒದರಿಕೊಳ್ಳುವಂತಿಲ್ಲ.

ನಮ್ಮ ನಾಡಿನಲ್ಲಿ ಎದೆಯೊಳಗೆ ದೂಳು ತುಂಬಿಕೊಂಡವರು ಒಬ್ಬರೇ ಇಬ್ಬರೇ? ಕೋಲಾರದ ಚಿನ್ನದ ಗಣಿಯ ಕಾರ್ಮಿಕರ ಸಿಲಿಕೋಸಿಸ್ ಬಗ್ಗೆ ವೈದ್ಯರು 1947ರಷ್ಟು ಹಿಂದೆಯೇ ಬರೆದಿದ್ದಾರೆ. ಗಣಿ 2001ರಲ್ಲಿ ಮುಚ್ಚಿತು. ಕಲ್ಲು ಒಡೆಯುವವರು, ಹತ್ತಿ ಮಿಲ್ಲಿನವರು, ಅಕ್ಕಿ ಗಿರಣಿಯವರು, ಟ್ರಾಫಿಕ್ಕಿನಲ್ಲಿ ದಿನವಿಡೀ ಆಟೋ ಓಡಿಸುವವರು, ಎಲ್ಲರೂ ದುಡಿದು ತೆರಿಗೆ ಕಟ್ಟಿದವರೇ. ಎದೆ ಸೋತ ಮೇಲೆ ಅವರು ಸೇರಿದ್ದು ಮನೆಯ ಮೂಲೆಯ ಮಂಚ. ಅವರನ್ನು ನೋಡಿಕೊಳ್ಳುತ್ತಿರುವವರು ಹೆಂಡತಿ, ಸೊಸೆ, ಮಗ, ಮಗಳು.

ಒಂದು ಮನೆಯ ಲೆಕ್ಕ

2023ರ ಡಿಸೆಂಬರಿನಲ್ಲಿ ಅಮ್ಮ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಮನೆಗೆ ಕಳಿಸುವಾಗ ಡಾಕ್ಟರು ಹೇಳಿದರು: "ರಕ್ತದಲ್ಲಿ ಆಕ್ಸಿಜನ್ ಶೇ. 88ಕ್ಕಿಂತ ಕೆಳಗೇ ನಿಲ್ಲುತ್ತಿದೆ. ಇನ್ನು ಮನೆಯಲ್ಲೇ ದಿನಕ್ಕೆ ಕನಿಷ್ಠ 15 ಗಂಟೆ ಆಕ್ಸಿಜನ್ ಕೊಡಬೇಕು." ಇದು ಅವರೊಬ್ಬರ ಅಭಿಪ್ರಾಯವಲ್ಲ. 1980 ಮತ್ತು 1981ರಲ್ಲಿ ಅಮೆರಿಕ, ಬ್ರಿಟನ್ನುಗಳಲ್ಲಿ ನಡೆದ ಎರಡು ದೊಡ್ಡ ಪರೀಕ್ಷೆಗಳಲ್ಲಿ, ಇಂಥ ರೋಗಿಗಳಿಗೆ ದಿನಕ್ಕೆ 15 ಗಂಟೆಗಿಂತ ಹೆಚ್ಚು ಆಕ್ಸಿಜನ್ ಕೊಟ್ಟರೆ ಹೆಚ್ಚು ಕಾಲ ಬದುಕುತ್ತಾರೆ ಎಂದು ಗೊತ್ತಾಗಿ ನಲವತ್ತು ವರ್ಷ ದಾಟಿದೆ.

ಯಂತ್ರ ತಂದೆ. ಅದರ ಕೆಲಸ ಸರಳ. ಕೋಣೆಯ ಗಾಳಿಯಲ್ಲಿ ಆಕ್ಸಿಜನ್ ಇರುವುದು ಶೇ. 21 ಮಾತ್ರ. ಯಂತ್ರದೊಳಗೆ ಒಂದು ಬಗೆಯ ಹರಳು ಇರುತ್ತದೆ, ಅದು ನೈಟ್ರೋಜನ್ನನ್ನು ಹಿಡಿದಿಟ್ಟುಕೊಳ್ಳುತ್ತದೆ. ಉಳಿದದ್ದು ಶೇ. 90ಕ್ಕೂ ಹೆಚ್ಚು ಆಕ್ಸಿಜನ್. ಅದು ನಳಿಕೆಯಲ್ಲಿ ಮೂಗಿಗೆ. ಸಿಲಿಂಡರ್ ಹೊರುವ ಕಷ್ಟವಿಲ್ಲ. ಆದರೆ ಕರೆಂಟ್ ಬೇಕೇ ಬೇಕು.

ಈಗ ಬಿಲ್ಲು ನೋಡಿ. ಯಂತ್ರದ ಬೆಲೆ 48,000 ರೂ. ಅಂದಿನ ಜಿಎಸ್‌ಟಿ ಶೇ. 12, ಅಂದರೆ 5,760 ರೂ. ಕರೆಂಟ್ ಹೋದರೆ ಗತಿಯೇನು ಎಂದು ಒಂದು ಬ್ಯಾಟರಿ ತಂದೆ. ಬೆಲೆ 14,000 ರೂ. ಅಂದಿನ ಜಿಎಸ್‌ಟಿ ಶೇ. 28, ಅಂದರೆ 3,920 ರೂ. ಎರಡೂ ಸೇರಿ ಸರ್ಕಾರಕ್ಕೆ ಕಟ್ಟಿದ್ದು 9,680 ರೂಪಾಯಿ. ಅಮ್ಮ ಇನ್ನೂ ಒಂದು ಉಸಿರು ಎಳೆದುಕೊಂಡಿರಲಿಲ್ಲ!

ನ್ಯಾಯವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಈ ಯಂತ್ರದ ತೆರಿಗೆ ಶೇ. 5ಕ್ಕೆ ಇಳಿದಿದೆ. ಹೆಚ್ಚಿನ ಔಷಧಿಗಳದ್ದೂ ಶೇ. 5ಕ್ಕೆ ಬಂದಿದೆ. ಬ್ಯಾಟರಿಯದ್ದು ಶೇ. 18 ಆಗಿದೆ. ಸಂತೋಷ. ಆದರೆ ಒಂದು ಮಾತು ಯೋಚಿಸಿ. ದುಬಾರಿ ಕೋಣೆಯ ಬಾಡಿಗೆಯೊಂದನ್ನು ಬಿಟ್ಟರೆ ಆಸ್ಪತ್ರೆಯ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ. ಅದೇ ರೋಗಿ, ಅದೇ ಆಕ್ಸಿಜನ್, ಮನೆಯ ಮಂಚಕ್ಕೆ ಬಂದ ಕೂಡಲೇ ಯಂತ್ರಕ್ಕೆ ತೆರಿಗೆ, ಮಾತ್ರೆಗೆ ತೆರಿಗೆ, ಬ್ಯಾಟರಿಗೆ ತೆರಿಗೆ, ಕರೆಂಟಿಗೆ ತೆರಿಗೆ. ಆಸ್ಪತ್ರೆಯ ಹಾಸಿಗೆ ಖಾಲಿ ಮಾಡಿ ಸರ್ಕಾರದ ಹೊರೆ ಇಳಿಸಿದವರ ಮೇಲೆ ಈ ದಂಡ ಯಾಕೆ?

ರೋಲರಿಗೆ ಸವಕಳಿ, ಶ್ವಾಸಕೋಶಕ್ಕೆ?

ನಾನು ಪ್ರೆಸ್ಸಿನವನಾದ್ದರಿಂದ ನನಗೆ ಈ ಅನ್ಯಾಯ ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಪ್ರೆಸ್ಸಿಗೆ ಕಾಗದ ತರುತ್ತೇನೆ, ಇಂಕು ತರುತ್ತೇನೆ, ಪ್ಲೇಟು ತರುತ್ತೇನೆ. ಅವುಗಳ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ನಾನು ಗಿರಾಕಿಯಿಂದ ವಸೂಲಿ ಮಾಡಿ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು. ಆಫ್‌ಸೆಟ್ ಮೆಷಿನ್ ಹಳೆಯದಾಗುತ್ತದೆ ಎಂದು ವರ್ಷಕ್ಕೆ ಶೇ. 15ರಂತೆ ಸವಕಳಿ ತೋರಿಸಿ ಆದಾಯ ತೆರಿಗೆಯಲ್ಲಿ ಖರ್ಚು ಬರೆಯಬಹುದು. ರೋಲರ್ ಬದಲಾಯಿಸಿದರೆ ಖರ್ಚು. ಬ್ಲಾಂಕೆಟ್ ಬದಲಾಯಿಸಿದರೆ ಖರ್ಚು. ಮೆಷಿನ್ನಿಗೆ ಎಣ್ಣೆ ಬಿಟ್ಟರೆ ಅದೂ ಖರ್ಚು.

ಅಮ್ಮನ ಯಂತ್ರದ ಬಿಲ್ಲು ತೆಗೆದುಕೊಂಡು ಆಡಿಟರ್ ಹತ್ತಿರ ಹೋದೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಇದು ಪರ್ಸನಲ್ ಕಣ್ರೀ, ಇದಕ್ಕೇನೂ ಬರಲ್ಲ" ಎಂದರು. ಅವರ ತಪ್ಪೇನೂ ಇಲ್ಲ, ಕಾನೂನೇ ಹಾಗಿದೆ. ಕಬ್ಬಿಣದ ಮೆಷಿನ್ ಸವೆದರೆ ಸರ್ಕಾರ ಕನಿಕರ ತೋರಿಸುತ್ತದೆ. ನನ್ನನ್ನು ಹೆತ್ತು ಸಾಕಿ ಈ ಸರ್ಕಾರಕ್ಕೆ ಒಬ್ಬ ತೆರಿಗೆದಾರನನ್ನು ಮಾಡಿಕೊಟ್ಟವಳ ಶ್ವಾಸಕೋಶ ಸವೆದರೆ ಅದು ಪರ್ಸನಲ್!

ದಿಲ್ಲಿಯ ಪಟ್ಟಿಯಲ್ಲಿ ಎದೆಗೆ ಜಾಗವಿಲ್ಲ

ಹಾಗಾದರೆ ಆದಾಯ ತೆರಿಗೆಯಲ್ಲಿ ಕಾಯಿಲೆಗೆ ರಿಯಾಯಿತಿಯೇ ಇಲ್ಲವೇ? ಇತ್ತು. 1961ರ ಕಾಯ್ದೆಯಲ್ಲಿ 80 ಡಿಡಿಬಿ ಎಂಬ ಸೆಕ್ಷನ್ ಇತ್ತು. ಅವಲಂಬಿತರ ಕೆಲವು ದೊಡ್ಡ ಕಾಯಿಲೆಗಳಿಗೆ ಮಾಡಿದ ಖರ್ಚಿನಲ್ಲಿ 40,000 ರೂ.ವರೆಗೆ, ರೋಗಿಗೆ 60 ದಾಟಿದ್ದರೆ 1 ಲಕ್ಷ ರೂ.ವರೆಗೆ ಆದಾಯದಲ್ಲಿ ಕಳೆಯಬಹುದಿತ್ತು. ಯಾವ ಕಾಯಿಲೆಗಳು? ಅದರ ನಿಯಮದಲ್ಲಿ ಪಟ್ಟಿಯಿತ್ತು: ಪಾರ್ಕಿನ್ಸನ್, ಡಿಮೆನ್ಶಿಯಾದಂಥ ನರರೋಗಗಳು, ಕ್ಯಾನ್ಸರ್, ಏಡ್ಸ್, ಮೂತ್ರಪಿಂಡದ ದೀರ್ಘ ವೈಫಲ್ಯ, ಹಿಮೋಫಿಲಿಯಾ, ಥಲಸ್ಸೇಮಿಯಾ. ಅಷ್ಟೇ. ಶ್ವಾಸಕೋಶದ ಕ್ಯಾನ್ಸರ್ ಆದರೆ ಉಂಟು. ಕ್ಯಾನ್ಸರ್ ಇಲ್ಲದೆ ಬರೀ ಉಸಿರು ಕಟ್ಟಿದರೆ ಇಲ್ಲ. ಕಿಡ್ನಿ ರೋಗಿಗೆ ಕೊಟ್ಟದ್ದು ತಪ್ಪೆಂದು ನಾನು ಹೇಳುತ್ತಿಲ್ಲ, ಅವರ ಕಷ್ಟ ಅವರಿಗೇ ಗೊತ್ತು. ಕಿಡ್ನಿ ಸೋತರೆ ದೀರ್ಘ ರೋಗ, ಶ್ವಾಸಕೋಶ ಸೋತರೆ ಯಾಕಲ್ಲ? ಇಷ್ಟೇ ನನ್ನ ಪ್ರಶ್ನೆ.

ಅಂಗವೈಕಲ್ಯದ ಬಾಗಿಲು ತಟ್ಟೋಣವೆಂದರೆ ಅದೂ ಮುಚ್ಚಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿತು. ಮಂಚದಿಂದ ಬಚ್ಚಲಿಗೆ ಹತ್ತು ಹೆಜ್ಜೆ ಇಡಲು ಮೂರು ಸಲ ಕೂರುವವರ ಶ್ವಾಸಕೋಶದ ರೋಗ ಆ 21ರಲ್ಲಿ ಇಲ್ಲ. ವಿಮೆ ಇಲ್ಲದ ಹಿರಿಯ ತಂದೆತಾಯಿಯ ಔಷಧಿ ಖರ್ಚಿಗೆ 80 ಡಿ ಸೆಕ್ಷನ್ನಿನಲ್ಲಿ 50,000 ರೂ.ವರೆಗೆ ಒಂದು ಸಣ್ಣ ಕಿಂಡಿ ಇತ್ತು. ನಿಜ. ಆದರೆ ಇವೆಲ್ಲಾ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. 2020ರಲ್ಲಿ ಹೊಸ ಪದ್ಧತಿ ತಂದರು. 2023-24ರಿಂದ ನೀವು ಬಾಯಿಬಿಟ್ಟು ಬೇಡವೆನ್ನದಿದ್ದರೆ ಹೊಸದೇ ಲಾಗೂ ಎಂದರು. ಹೊಸದರಲ್ಲಿ ಈ ಯಾವ ರಿಯಾಯಿತಿಯೂ ಇಲ್ಲ. 2025ರಲ್ಲಿ ಸಂಸತ್ತು ಹೊಸ ಆದಾಯ ತೆರಿಗೆ ಕಾಯ್ದೆಯನ್ನೇ ಪಾಸು ಮಾಡಿತು. 2026ರ ಏಪ್ರಿಲ್ 1 ಅದು ಜಾರಿಗೆ ಬರುವ ದಿನ. ಸೆಕ್ಷನ್ನುಗಳ ನಂಬರು ಬದಲಾಯಿತು. ಉಸಿರಾಟದ ರೋಗಿಯನ್ನು ಸಾಕುವ ಮನೆಗೆಂದು ಹೊಸದೊಂದು ಸೆಕ್ಷನ್ ಮಾತ್ರ ಹುಟ್ಟಲಿಲ್ಲ.

"ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆಯೇ ಇಲ್ಲವಲ್ಲ, ಇನ್ನೇನು ನಿನ್ನ ತಕರಾರು?" ಎಂದು ಕೇಳುವವರಿದ್ದಾರೆ. ಸರಿ, 2025-26ರಿಂದ ಅದು ಬಂದಿದೆ. ಆದರೆ ಕಡಿಮೆ ಸಂಪಾದನೆಯವನು ಆದಾಯ ತೆರಿಗೆ ಕಟ್ಟದಿದ್ದರೂ ಜಿಎಸ್‌ಟಿ ಕಟ್ಟುತ್ತಾನೆ, ಕರೆಂಟಿನ ತೆರಿಗೆ ಕಟ್ಟುತ್ತಾನೆ. ಆಟೋ ಓಡಿಸುವವನ ತಾಯಿಗೂ ಅದೇ ಯಂತ್ರ, ಅದೇ ಬಿಲ್ಲು. ಆದ್ದರಿಂದ ಆದಾಯ ತೆರಿಗೆಯ ರಿಯಾಯಿತಿ ಒಂದೇ ಸಾಲದು. ಬಿಲ್ಲಿನಲ್ಲೇ ರಿಯಾಯಿತಿ ಬೇಕು.

2021ರಲ್ಲಿ ಸಾಧ್ಯವಾದದ್ದು

ಇದು ಆಗದ ಕೆಲಸವೇ? ಆಗುತ್ತದೆ, ಆಗಿದೆ. 2021ರ ಏಪ್ರಿಲ್-ಮೇ ತಿಂಗಳು ನೆನಪಿದೆಯೇ? ಇಡೀ ದೇಶ ಆಕ್ಸಿಜನ್ ಆಕ್ಸಿಜನ್ ಎಂದು ಬಾಯಿ ಬಾಯಿ ಬಿಡುತ್ತಿತ್ತು. ನಮ್ಮ ಚಾಮರಾಜನಗರದಲ್ಲಿ ಒಂದೇ ದಿನದೊಳಗೆ 24 ಜನ ಸತ್ತರು. ವಿದೇಶದ ನೆಂಟರು ಕಾನ್ಸಂಟ್ರೇಟರ್ ಉಡುಗೊರೆ ಕಳಿಸಿದರೆ ಅದಕ್ಕೂ ದಿಲ್ಲಿ ಶೇ. 12 ತೆರಿಗೆ ಕೇಳುತ್ತಿತ್ತು. 85 ವರ್ಷದ ಹಿರಿಯರೊಬ್ಬರು ದಿಲ್ಲಿ ಹೈಕೋರ್ಟಿಗೆ ಹೋದರು. 2021ರ ಮೇ 21ರಂದು ಆ ಕೋರ್ಟು, ಸ್ವಂತ ಬಳಕೆಗೆ ಉಡುಗೊರೆಯಾಗಿ ಬಂದ ಯಂತ್ರಕ್ಕೆ ಹೀಗೆ ತೆರಿಗೆ ಹಾಕುವುದು ಸಂವಿಧಾನಕ್ಕೆ ವಿರುದ್ಧ ಎಂದಿತು. ಕೇಂದ್ರ ಸರ್ಕಾರ ಸುಮ್ಮನಾಯಿತೇ? ಸುಪ್ರೀಂ ಕೋರ್ಟಿಗೆ ಹೋಗಿ ಜೂನ್ 1ರಂದು ತಡೆ ತಂದಿತು!

ಆಮೇಲೆ ಜೂನ್ 12ರಂದು ಜಿಎಸ್‌ಟಿ ಮಂಡಳಿ ಕಾನ್ಸಂಟ್ರೇಟರ್ ತೆರಿಗೆಯನ್ನು ಶೇ. 12ರಿಂದ 5ಕ್ಕೆ ಇಳಿಸಿತು. ಎಷ್ಟು ದಿನ? ಸೆಪ್ಟೆಂಬರ್ 30ರವರೆಗೆ ಮಾತ್ರ. ಅಕ್ಟೋಬರಿನಿಂದ ಮತ್ತೆ 12. ಎಲ್ಲರ ಉಸಿರೂ ಕಟ್ಟಿದಾಗ ತೆರಿಗೆ ಇಳಿಯಿತು. ಎಲ್ಲರೂ ಸುಧಾರಿಸಿಕೊಂಡ ಮೇಲೆ, ದಿನಾ ಉಸಿರು ಕಟ್ಟುವವರ ಮೇಲೆ ಮತ್ತೆ ಏರಿತು. ಮತ್ತೆ 5ಕ್ಕೆ ಇಳಿಯಲು ನಾಲ್ಕು ವರ್ಷ ಬೇಕಾಯಿತು. ಆ ನಾಲ್ಕು ವರ್ಷದ ನಡುವೆ ಯಂತ್ರ ಕೊಂಡವರಲ್ಲಿ ನಾನೂ ಒಬ್ಬ.

ವಿಧಾನಸೌಧದ ಕೈಲಿರುವುದು

ಎಲ್ಲಕ್ಕೂ ದಿಲ್ಲಿಯನ್ನೇ ಬಯ್ದು ನಮ್ಮವರನ್ನು ಬಿಡುವ ಚಾಳಿ ನಮಗೆ ಬೇಡ. ಅಮ್ಮ ಸ್ವಿಚ್ ಆರಿಸಿದ್ದು ಯಾವ ಬಿಲ್ಲಿಗೆ ಹೆದರಿ? ಕರೆಂಟ್ ಬಿಲ್ಲಿಗೆ. ಅದು ಬೆಂಗಳೂರಿನದೇ.

ಗೃಹಜ್ಯೋತಿ 2023ರಲ್ಲಿ ಬಂತು. ಒಳ್ಳೆಯ ಯೋಜನೆ. ನಮ್ಮ ಮನೆಯ 2022-23ರ ಸರಾಸರಿ 80 ಯೂನಿಟ್. ಅದಕ್ಕೆ ಶೇ. 10 ಸೇರಿಸಿ 88 ಯೂನಿಟ್ ಉಚಿತ. ಬಿಲ್ಲು ಸೊನ್ನೆ ಬಂದಾಗ ಅಮ್ಮ ಚೀಟಿಯನ್ನು ದೇವರ ಮುಂದೆ ಇಟ್ಟಿದ್ದಳು. ಆಮೇಲೆ ಯಂತ್ರ ಬಂತು. ನಮ್ಮದು ಸುಮಾರು 330 ವ್ಯಾಟಿನದು. ದಿನಕ್ಕೆ 16 ಗಂಟೆ ಓಡಿಸಿದರೆ ಐದೂ ಕಾಲು ಯೂನಿಟ್, ತಿಂಗಳಿಗೆ ಸುಮಾರು 158. ಮನೆಯ 80 ಸೇರಿಸಿ. 238 ಯೂನಿಟ್!

200 ದಾಟಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ದಾಟಿದ 38ಕ್ಕೆ ಮಾತ್ರವಲ್ಲ, ಅಷ್ಟೂ 238ಕ್ಕೆ ಹಣ ಕಟ್ಟಬೇಕು. ಯೂನಿಟ್ಟಿಗೆ ಸುಮಾರು 6 ರೂಪಾಯಿ ಹಿಡಿದರೂ 1,400 ರೂ. ದಾಟುತ್ತದೆ. ಅದರ ಮೇಲೆ ನಿಗದಿತ ಶುಲ್ಕ. ಅದಲ್ಲದೆ ರಾಜ್ಯ ಸರ್ಕಾರದ ವಿದ್ಯುತ್ ಬಳಕೆ ತೆರಿಗೆ ಶೇ. 9. ನೀರಿಗೆ ಹೀಟರ್ ಹಾಕಿ, ಎಸಿ ಹಾಕಿ 238 ಸುಟ್ಟವನೂ ಒಂದೇ, ತಾಯಿಯ ಮೂಗಿಗೆ ಗಾಳಿ ಕೊಟ್ಟು 238 ಸುಟ್ಟವನೂ ಒಂದೇ. ಮೀಟರಿಗೆ ಕಣ್ಣಿಲ್ಲ, ಸರಿ. ಆ ಮೀಟರ್ ಕೂರಿಸಿದವರಿಗೂ ಇಲ್ಲವೇ?

ಬೇರೆ ಕಡೆ ಏನು ಮಾಡಿದ್ದಾರೆ ನೋಡಿ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಮನೆಗೆ ಕೊಟ್ಟ ಕಾನ್ಸಂಟ್ರೇಟರ್ ಎಷ್ಟು ಕರೆಂಟ್ ತಿಂದಿತೋ ಅಷ್ಟರ ಹಣವನ್ನು ಮನೆಯವರಿಗೆ ವಾಪಸ್ ಕೊಡುತ್ತಾರೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಇಂಥ ಯಂತ್ರವಿರುವ ಮನೆಗೆ ಬಿಲ್ಲಿನಲ್ಲಿ ರಿಯಾಯಿತಿ ಇದೆ. ಅದು ರಾಜ್ಯ ಸರ್ಕಾರವೇ ಕೊಡುವ ರಿಯಾಯಿತಿ ಎಂಬುದನ್ನು ಗಮನಿಸಿ. ನಮ್ಮ ರಾಜ್ಯಕ್ಕೆ ಯಾಕಾಗದು? ನೇರ ತೆರಿಗೆಯಲ್ಲೂ ಜಿಎಸ್‌ಟಿಯಲ್ಲೂ ಮಹಾರಾಷ್ಟ್ರ ಬಿಟ್ಟರೆ ನಾವೇ ಎಂದು ಎದೆ ತಟ್ಟಿಕೊಳ್ಳುತ್ತೇವಲ್ಲ, ಆ ಎದೆಯೊಳಗಿನ ಉಸಿರಿಗೆ ಒಂದಿಷ್ಟು ಬಿಟ್ಟುಕೊಡಬಾರದೇ?

ಇದರಲ್ಲಿ ಕನ್ನಡ ಎಲ್ಲಿ ಬಂತು?

"ಇದು ಕನ್ನಡದ ಪತ್ರಿಕೆ, ಇಲ್ಲೇಕೆ ತೆರಿಗೆಯ ಮಾತು?" ಎಂದು ನಿಮ್ಮಲ್ಲಿ ಕೆಲವರಾದರೂ ಕೇಳುತ್ತೀರಿ. ಹೇಳುತ್ತೇನೆ, ಕೇಳಿ.

ಯಂತ್ರ ಮನೆಗೆ ಬಂದ ಮೂರನೆಯ ದಿನ. ನನ್ನ ಹೆಂಡತಿ ಎಂದಿನಂತೆ ದೀಪ ಹಚ್ಚಿ, ಊದುಬತ್ತಿ ತಂದು ಅಮ್ಮನ ಮಂಚದ ಪಕ್ಕದ ದೇವರ ಪಟಕ್ಕೆ ಸಿಕ್ಕಿಸಿದಳು. ಮೂಗಿನ ನಳಿಕೆಯಲ್ಲಿ ಆಕ್ಸಿಜನ್ ಬರುತ್ತಿದೆ, ಒಂದೂವರೆ ಅಡಿ ದೂರದಲ್ಲಿ ಕೆಂಡ! ಆಕ್ಸಿಜನ್ ಹೆಚ್ಚಿರುವ ಕಡೆ ಒಂದು ಕಿಡಿ ಸಾಕು, ಬಟ್ಟೆ ಹಾಸಿಗೆ ಭಗ್ಗನೆ ಹತ್ತಿಕೊಳ್ಳುತ್ತವೆ. ಆ ಹೊತ್ತಿಗೆ ಬಂದ ನನ್ನ ಮಗಳು ಕೂಗಿಕೊಂಡಳು, ದೀಪ ಊದುಬತ್ತಿ ಎರಡನ್ನೂ ಎತ್ತಿಕೊಂಡು ಹೊರಗೆ ಓಡಿದಳು. ಅವಳು ಇಂಗ್ಲಿಷ್ ಮೀಡಿಯಂ. ಯಂತ್ರದ ಜೊತೆ ಬಂದ ಪುಸ್ತಕವನ್ನು ಓದಿದ್ದಳು. ಎಚ್ಚರಿಕೆ ಅದರಲ್ಲಿತ್ತು, ಇಂಗ್ಲಿಷಿನಲ್ಲಿ. ಯಂತ್ರದ ಮೈಮೇಲೂ ಇತ್ತು, ಅದೂ ಇಂಗ್ಲಿಷಿನಲ್ಲಿ. ದಿನವಿಡೀ ಆ ಯಂತ್ರದ ಪಕ್ಕದಲ್ಲಿರುವವಳು ಕನ್ನಡದಲ್ಲಿ ಎಸ್ಸೆಸ್ಸೆಲ್ಸಿ ಓದಿದ ನನ್ನ ಹೆಂಡತಿ. ಅವಳಿಗೆ ಎಚ್ಚರಿಕೆ ಕೊಡಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಯಾಕೆ ಅನ್ನಿಸಬೇಕು? ಪೊಟ್ಟಣದ ಮೇಲಿನ ವಿವರಗಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬೇಕು ಎಂದು ಕೇಂದ್ರದ 2011ರ ಪೊಟ್ಟಣ ಸರಕುಗಳ ನಿಯಮವೇ ಹೇಳುತ್ತದೆ. ಬೇರೆ ಭಾಷೆ ಬೇಕಿದ್ದರೆ ಜೊತೆಗೆ ಹಾಕಿಕೊಳ್ಳಬಹುದಂತೆ. ಹಾಕಲೇಬೇಕೆಂದಿಲ್ಲ. ನಮ್ಮ ದುಡ್ಡು ಕನ್ನಡದ್ದಾದರೂ ನಡೆಯುತ್ತದೆ. ನಮ್ಮ ಜೀವಕ್ಕೆ ಎಚ್ಚರಿಕೆ ಮಾತ್ರ ಕನ್ನಡದಲ್ಲಿ ಬೇಕಿಲ್ಲ!

ಅಂಗಡಿ ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ಬಿಗಿಯಾಯಿತು. ಅದಕ್ಕಾಗಿ ಬೀದಿಗಿಳಿದವರಲ್ಲಿ ನೀವೂ ಇದ್ದಿರಿ. ನಿಮಗೆ ಕೈಮುಗಿಯುತ್ತೇನೆ. ಈಗ ಬೋರ್ಡಿನ ಕೆಳಗಿನ ಬಾಗಿಲು ದಾಟಿ ಒಳಗೆ ಬನ್ನಿ. ಕಳೆದ ವರ್ಷಗಳಲ್ಲಿ ಅಮ್ಮನಿಗಾಗಿ ನಾನು ಮುಟ್ಟಿದ ಒಂದೊಂದು ಕಾಗದವನ್ನೂ ಎಣಿಸಿ ನೋಡಿದ್ದೇನೆ. ಆಸ್ಪತ್ರೆಯಿಂದ ಕಳಿಸಿದ ಚೀಟಿ, ವಿಮೆಯ ಫಾರಂ, ಯಂತ್ರದ ಗ್ಯಾರಂಟಿ ಕಾರ್ಡು, ತೆರಿಗೆಯ ಫಾರಂ, ಒಂದೂ ಕನ್ನಡದಲ್ಲಿರಲಿಲ್ಲ. ರಿಯಾಯಿತಿ ಇದ್ದರೂ ಅದು ಇದೆಯೆಂದು ತಿಳಿಯದ ಭಾಷೆಯಲ್ಲಿ ಇದ್ದರೆ, ಇದ್ದೂ ಇಲ್ಲದ ಹಾಗೆ. ಬಡವನ ಪಾಲಿಗೆ ಭಾಷೆಯೇ ಮೊದಲ ತೆರಿಗೆ. ಅದನ್ನು ಕಟ್ಟಲಾಗದವನು ಬಾಗಿಲಲ್ಲೇ ನಿಲ್ಲುತ್ತಾನೆ.

ನಾವು ಕೇಳಬೇಕಾದ್ದು

ಉದ್ದ ಭಾಷಣ ಬೇಡ. ಐದು ಬೇಡಿಕೆ.

ಒಂದು: ಆಕ್ಸಿಜನ್ ಯಂತ್ರ, ಬೈಪ್ಯಾಪ್ ಇರುವ ಮನೆಗೆ ಗೃಹಜ್ಯೋತಿಯ 200 ಯೂನಿಟ್ ಮಿತಿ ಹಾಕಬಾರದು. ಯಂತ್ರ ತಿನ್ನುವ ಯೂನಿಟ್ಟನ್ನು ಬೇರೆಯಾಗಿ ಲೆಕ್ಕ ಹಿಡಿದು ಉಚಿತ ಮಾಡಬೇಕು. ಅಂಥ ಮನೆಗಳ ಪಟ್ಟಿ ವಿದ್ಯುತ್ ಕಂಪನಿಯ ಹತ್ತಿರ ಇರಬೇಕು, ಕರೆಂಟ್ ತೆಗೆಯುವ ಮೊದಲು ಆ ಮನೆಗೆ ಕನ್ನಡದಲ್ಲಿ ಮುನ್ಸೂಚನೆ ಬರಬೇಕು.

ಎರಡು: ಆ ಮನೆಗೆ ಶೇ. 9ರ ವಿದ್ಯುತ್ ತೆರಿಗೆ ಬಿಡಬೇಕು. ರೋಗಿಯನ್ನು ನೋಡಿಕೊಳ್ಳುವ ಒಬ್ಬರಿಗೆ ವೃತ್ತಿ ತೆರಿಗೆ ಬಿಡಬೇಕು. ಸಂವಿಧಾನದ 276ನೇ ವಿಧಿಯಂತೆ ಅದು ವರ್ಷಕ್ಕೆ 2,500 ರೂ. ಮೀರುವಂತಿಲ್ಲ. ಸರ್ಕಾರಕ್ಕೆ ಸಣ್ಣ ಮೊತ್ತ, ಆ ಮನೆಗೆ ಒಂದು ತಿಂಗಳ ಇನ್‌ಹೇಲರ್. ಈ ಎರಡೂ ತೆರಿಗೆ ರಾಜ್ಯದ್ದೇ. ದಿಲ್ಲಿಯ ಅಪ್ಪಣೆ ಬೇಕಿಲ್ಲ.

ಮೂರು: ಕಾನ್ಸಂಟ್ರೇಟರ್, ಬೈಪ್ಯಾಪ್, ನೆಬುಲೈಜರ್, ಇನ್‌ಹೇಲರ್‌ಗಳಿಗೆ ಜಿಎಸ್‌ಟಿ ಸೊನ್ನೆ ಆಗಬೇಕು. ಡಾಕ್ಟರ ಚೀಟಿ ತೋರಿಸಿದವರಿಗೆ ಬ್ಯಾಟರಿಯ ತೆರಿಗೆ ವಾಪಸ್ ಸಿಗಬೇಕು. ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕಕ್ಕೂ ಒಂದು ಕುರ್ಚಿ ಇದೆ. ಅದರಲ್ಲಿ ಕೂರುವ ಮಂತ್ರಿಗಳು ಅಲ್ಲಿ ಬಾಯಿ ಬಿಡಲಿ.

ನಾಲ್ಕು: ಆದಾಯ ತೆರಿಗೆಯ ರೋಗಗಳ ಪಟ್ಟಿಗೆ ತೀವ್ರ ಸಿಒಪಿಡಿ, ಸಿಲಿಕೋಸಿಸ್, ಮನೆಯಲ್ಲಿ ಆಕ್ಸಿಜನ್ ಬೇಕಾಗುವ ಎಲ್ಲ ಶ್ವಾಸರೋಗಗಳು ಸೇರಬೇಕು. ರಿಯಾಯಿತಿ ಹೊಸ ಪದ್ಧತಿಯಲ್ಲೂ ಸಿಗಬೇಕು.

ಐದು: ಕರ್ನಾಟಕದಲ್ಲಿ ಮಾರುವ ಇಂಥ ಪ್ರತಿ ಯಂತ್ರದ ಮೇಲೂ ಬೆಂಕಿಯ ಎಚ್ಚರಿಕೆ ಕನ್ನಡದಲ್ಲಿರಬೇಕು, ರಿಯಾಯಿತಿಯ ಅರ್ಜಿಗಳೂ ಕನ್ನಡದಲ್ಲಿರಬೇಕು.

"ಇದನ್ನು ದುರುಪಯೋಗ ಮಾಡಿಕೊಳ್ಳುವವರು ಇರುತ್ತಾರೆ" ಎಂದು ಅಧಿಕಾರಿಗಳು ಹೇಳುತ್ತಾರೆ, ನೋಡುತ್ತಿರಿ. ಇದರಲ್ಲಿ ಕಳ್ಳಾಟ ಕಷ್ಟ. ರಕ್ತದ ಆಕ್ಸಿಜನ್ ಎಷ್ಟೆಂದು ಅಳೆಯಬಹುದು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ವರ್ಷಕ್ಕೊಮ್ಮೆ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡಲಿ. ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯೇ ಇದೆ, ಜಿಲ್ಲೆಗಳಲ್ಲಿ ಜಿಲ್ಲಾಸ್ಪತ್ರೆಗಳಿವೆ. ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ದಿನಕ್ಕೆ 16 ಗಂಟೆ ಕೂರುವ ನಾಟಕವನ್ನು ಯಾರೂ 1,400 ರೂಪಾಯಿಗೆ ಆಡುವುದಿಲ್ಲ.

ಹುಡುಗರೇ, ಹುಡುಗಿಯರೇ, ನಿಮಗೆ ನನ್ನದೊಂದು ಕೆಲಸ. ಈ ವಾರ ನಿಮ್ಮ ಬೀದಿಯಲ್ಲಿ ಒಂದು ಸುತ್ತು ಹಾಕಿ. ಯಾವ ಮನೆಯಲ್ಲಿ ಇಂಥ ಯಂತ್ರ ಗುರ್ ಅನ್ನುತ್ತಿದೆ ಎಂದು ಕಿವಿಗೊಟ್ಟು ಕೇಳಿ. ಒಳಗೆ ಹೋಗಿ, ಅವರ ಕರೆಂಟ್ ಬಿಲ್ಲು ನೋಡಿ. ಅವರು ಒಪ್ಪಿದರೆ ಒಂದು ನಕಲು ತೆಗೆದುಕೊಳ್ಳಿ. ಯಂತ್ರದ ಮೇಲೆ ಒಂದು ಚೀಟಿ ಅಂಟಿಸಿ: "ಹತ್ತಿರ ದೀಪ, ಊದುಬತ್ತಿ, ಬೀಡಿ ಬೇಡ." ಇಷ್ಟು ಕನ್ನಡ ಬರೆಯಲು ಯಾವ ಕಾನೂನೂ ಬೇಕಿಲ್ಲ. ಒಂದು ವಾರ್ಡಿನಿಂದ ಇಪ್ಪತ್ತು ಬಿಲ್ಲು ಸೇರಿದರೂ ಸಾಕು, ನಿಮ್ಮ ಶಾಸಕರ ಮೇಜಿನ ಮೇಲೆ ಇಡೋಣ. ಜೊತೆಗೆ ಮುಖ್ಯಮಂತ್ರಿಗಳಿಗೆ ಕನ್ನಡದಲ್ಲಿ ಒಂದು ಕಾರ್ಡು ಬರೆಯಿರಿ.

ಕರಪತ್ರವನ್ನೂ ಆ ಚೀಟಿಗಳನ್ನೂ ನಾನು ಅಚ್ಚು ಹಾಕಿಕೊಡುತ್ತೇನೆ. ಕಾಗದದ ದುಡ್ಡೂ ಬೇಡ. ಈ ಪತ್ರಿಕೆ ಹಂಚುವ ಹುಡುಗರ ಕೈಲಿ ಎಷ್ಟು ಬೇಕೆಂದು ಹೇಳಿ ಕಳಿಸಿ, ಸಾಕು. ನನ್ನ ಮೆಷಿನ್ನಿಗೆ ಸರ್ಕಾರ ಕೊಟ್ಟ ಸವಕಳಿ ಒಂದು ಒಳ್ಳೆಯ ಕೆಲಸಕ್ಕಾದರೂ ಬರಲಿ.

ಆ ರಾತ್ರಿಯ ಮೇಲೆ ನಾನು ಗೋಡೆಯ ಸ್ವಿಚ್ಚಿಗೆ ಒಂದು ರಟ್ಟಿನ ಮುಚ್ಚಳ ಮಾಡಿ ಅಂಟಿಸಿದ್ದೇನೆ. ಅಮ್ಮ ಈಗ ಆರಿಸುವುದಿಲ್ಲ. ಆದರೆ ತಿಂಗಳಿಗೊಮ್ಮೆ ಮೀಟರ್ ನೋಡುವವರು ಬಂದ ದಿನ, ಬಿಲ್ಲು ಎಷ್ಟು ಬಂತೆಂದು ಕೇಳದೆ ಬಿಡುವುದಿಲ್ಲ. ನಾನು ಸುಳ್ಳು ಹೇಳುತ್ತೇನೆ: "ಸೊನ್ನೆ ಬಂದಿದೆ ಕಣಮ್ಮ."

ಈ ಸುಳ್ಳನ್ನು ನಿಜ ಮಾಡಲು ಸರ್ಕಾರದ ಒಂದು ಆದೇಶ ಸಾಕು. ಬನ್ನಿ, ಕೇಳಿ ಪಡೆಯೋಣ.